ಪ್ರವಾಸಕ್ಕೊಂದು ಪುಟ್ಟ ಕ್ಯಾಮೆರಾ: ದೂರದ್ದು ಬೇಕೋ, ಕತ್ತಲೆಯದ್ದು ಬೇಕೋ?

ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರು ನಿಂತಿರುವುದು ಸೂರಿನ ಕೆಳಗೆ, ಕತ್ತೆತ್ತಿ ನೋಡುವಷ್ಟು ಮೇಲೆ. ಫೋನಿನ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಫೋಟೊ ತೆಗೆದರೆ ದರ್ಪಣ ಸುಂದರಿಯ ಕನ್ನಡಿ, ಬಳೆ, ಬೆರಳು ಎಲ್ಲ ಕಲಸಿದ ಬಣ್ಣದ ಹಾಗೆ ಬರುತ್ತವೆ. ಅಲ್ಲಿಂದ ಒಳಗೆ ಹೋಗಿ ನವರಂಗದ ಕಂಬಗಳ ಮುಂದೆ ನಿಂತರೆ ಬೇರೆಯೇ ತಾಪತ್ರಯ. ಅಲ್ಲಿ ಕಂಬ ಕೈಗೆಟುಕುವಷ್ಟು ಹತ್ತಿರ, ಆದರೆ ಬೆಳಕಿಲ್ಲ.

ಮೊದಲ ಸಲ ಕ್ಯಾಮೆರಾ ಕೊಳ್ಳುವವರು ಈ ಎರಡು ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಸಾಕು. ದೂರದ್ದನ್ನು ಹತ್ತಿರ ತರುವುದು ಒಂದು ಕೆಲಸ, ಕಡಿಮೆ ಬೆಳಕಿನಲ್ಲಿ ಚೊಕ್ಕವಾಗಿ ತೆಗೆಯುವುದು ಇನ್ನೊಂದು. ಜೇಬಿಗೆ ಹಿಡಿಸುವ ಕ್ಯಾಮೆರಾದಲ್ಲಿ ಎರಡೂ ಪೂರ್ತಿಯಾಗಿ ಸಿಗುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಯಾವುದನ್ನು ಬಿಡಬಹುದು ಎಂದು ನಿಮಗೆ ಗೊತ್ತಿದ್ದರೆ ಮಾಡೆಲ್ ಹುಡುಕುವುದು ಸುಲಭ.

ಅದಕ್ಕೂ ಮೊದಲು ಜೇಬಿನಲ್ಲಿರುವ ಫೋನ್ ತೆಗೆದು ನೋಡಿ. ಈಚಿನ ದುಬಾರಿ ಫೋನ್ ಆಗಿದ್ದರೆ ಅದರ ಮುಖ್ಯ ಲೆನ್ಸಿನಲ್ಲಿ ತೆಗೆದ ಹಂಪಿಯ ಬಂಡೆ, ಮುಳ್ಳಯ್ಯನಗಿರಿಯ ಸೂರ್ಯೋದಯ, ಹೋಟೆಲಿನ ಮಸಾಲೆ ದೋಸೆ ಇವೆಲ್ಲ ಸಣ್ಣ ಕ್ಯಾಮೆರಾಕ್ಕಿಂತ ಕಡಿಮೆಯೇನಿರುವುದಿಲ್ಲ. ಫೋನ್ ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು ಬೆರೆಸುತ್ತದೆ. ಆಕಾಶ ಬೆಳ್ಳಗಾಗುವುದಿಲ್ಲ, ನೆರಳು ಕಪ್ಪಾಗುವುದಿಲ್ಲ. ಕ್ಯಾಮೆರಾದಲ್ಲಿ ಆ ಕೆಲಸ ನೀವೇ ಮಾಡಬೇಕು. ಹಾಗಾಗಿ ಬರೀ ಅಗಲ ನೋಟದ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವವರಿಗೆ ಕ್ಯಾಮೆರಾ ಬೇಡ. ಫೋನಿಗೆ ಆಗದಿರುವುದು ನಾಲ್ಕೈದೇ: ಗಾಜು ಸರಿದು ಆಗುವ ನಿಜವಾದ ಝೂಮ್, ಮಬ್ಬು ಬೆಳಕಿನಲ್ಲಿ ಓಡಾಡುವ ಜನ, ಮೂರು ನಾಲ್ಕು ಮೀಟರಿನವರೆಗೆ ಬೆಳಕು ಚೆಲ್ಲುವ ಮಿಂಚಿನಂಥ ಫ್ಲ್ಯಾಶ್, ಬಿಸಿಲಿನಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್, ಮತ್ತೆ ಮಧ್ಯಾಹ್ನದ ಹೊತ್ತಿಗೆ ಫೋನಿನ ಚಾರ್ಜು ಮುಗಿಯದಿರುವುದು. ಇವುಗಳಲ್ಲಿ ಎರಡಾದರೂ ನಿಮಗೆ ಬೇಕಿದ್ದರೆ ಮುಂದೆ ಓದಿ.

ಎರಡೂ ಏಕೆ ಸಿಗುವುದಿಲ್ಲ ಎನ್ನುವುದಕ್ಕೆ ಕಾರಣ ಸೆನ್ಸರ್. ಚಿತ್ರ ಬೀಳುವ ಚಿಪ್ಪು ಅದು. ಅಗ್ಗದ ಕಾಂಪ್ಯಾಕ್ಟುಗಳಲ್ಲಿ ಮತ್ತು ಉದ್ದ ಝೂಮಿನವುಗಳಲ್ಲಿ 1/2.3 ಇಂಚು ಎಂದು ಬರೆದಿರುತ್ತಾರೆ. ನಿಜವಾದ ಅಳತೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳ ಉಗುರಿಗಿಂತ ಚಿಕ್ಕದು. ಅದರ ಮೇಲಿನ ಮೆಟ್ಟಿಲು 'ಒಂದು ಇಂಚು': 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. (ಅಡ್ಡ, ಉದ್ದ, ಮೂಲೆಯಿಂದ ಮೂಲೆ, ಹೇಗೆ ಅಳೆದರೂ ಇಂಚು ಬರುವುದಿಲ್ಲ. ಹಳೆಯ ವಿಡಿಯೊ ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆ ಹೆಸರಿನಲ್ಲಿ ಉಳಿದುಕೊಂಡಿದೆ ಅಷ್ಟೆ.) ಒಂದಿಂಚಿನದ್ದರ ವಿಸ್ತೀರ್ಣ ಚಿಕ್ಕದರ ನಾಲ್ಕು ಪಟ್ಟು. ಇನ್ನೂ ಮೇಲಿನ ಎಪಿಎಸ್-ಸಿ ಸುಮಾರು 23.5 ಮತ್ತು 15.6 ಮಿ.ಮೀ., ಅಂದರೆ ಒಂದಿಂಚಿನದ್ದರ ಮೂರು ಪಟ್ಟು. ಮಳೆನೀರು ಹಿಡಿಯಲು ಲೋಟ ಇಟ್ಟ ಹಾಗೆ, ಬಕೆಟ್ ಇಟ್ಟ ಹಾಗೆ. ದೊಡ್ಡ ಸೆನ್ಸರಿಗೆ ಕತ್ತಲೆಯಲ್ಲೂ ಒಂದಿಷ್ಟು ಬೆಳಕು ದಕ್ಕುತ್ತದೆ. ಆದರೆ ಸೆನ್ಸರ್ ದೊಡ್ಡದಾದರೆ ಅಷ್ಟೇ ಝೂಮಿಗೆ ಲೆನ್ಸೂ ದೊಡ್ಡದಾಗಬೇಕು. ಜೇಬಿನ ಅಳತೆ ಬದಲಾಗುವುದಿಲ್ಲವಲ್ಲ. ಆದ್ದರಿಂದ ತಯಾರಕರು ಸಣ್ಣ ಸೆನ್ಸರಿಟ್ಟು ಉದ್ದ ಝೂಮ್ ಕೊಡುತ್ತಾರೆ, ಇಲ್ಲವೇ ದೊಡ್ಡ ಸೆನ್ಸರಿಟ್ಟು ಝೂಮನ್ನು ಕತ್ತರಿಸುತ್ತಾರೆ.

ಅಂಗಡಿಯಲ್ಲಿ ಮೊದಲು ಕೇಳಿಬರುವುದು ಮೆಗಾಪಿಕ್ಸೆಲ್. ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. 6 ಮತ್ತು 4 ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. ಗೋಡೆಗೆ ಹಾಕುವ ಎ3 ಅಳತೆಗೂ ಹದಿನೇಳೂವರೆ ಮುಟ್ಟಿದರೆ ಹೆಚ್ಚು. ಇವತ್ತು ಸಿಗುವ ಹೆಚ್ಚಿನ ಒಳ್ಳೆಯ ಕಾಂಪ್ಯಾಕ್ಟುಗಳಿಗೆ 20 ಇದ್ದೇ ಇದೆ. ಎರಡನೆಯದು '30 ಎಕ್ಸ್', '40 ಎಕ್ಸ್'. ಇದು ದೂರದ ಅಳತೆ ಅಲ್ಲ, ಲೆನ್ಸಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಪಟ್ಟು ಎಂಬ ಲೆಕ್ಕ. ಲೆನ್ಸಿನ ನೋಟವನ್ನು ಮಿ.ಮೀ.ನಲ್ಲಿ ಹೇಳುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. 24ರಿಂದ ಶುರುವಾಗುವ 30 ಎಕ್ಸ್ ಎಂದರೆ 720 ಮಿ.ಮೀ.; 28ರಿಂದ ಶುರುವಾಗುವ 5 ಎಕ್ಸ್ ಎಂದರೆ 140. ಆದ್ದರಿಂದ ಎಕ್ಸ್ ಬಿಟ್ಟು ಮಿ.ಮೀ. ಕೇಳಿ, ಅದೂ ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಲೆಕ್ಕದ್ದು. ಗೋಪುರ, ಬೆಟ್ಟ, ಕೋಣೆಯ ಒಳಭಾಗಕ್ಕೆ 24. ಎದುರು ಕೂತವರ ಮುಖಕ್ಕೆ 70ರಿಂದ 100. ಮದನಿಕೆಗೆ 100ರಿಂದ 200. ರಂಗನತಿಟ್ಟಿನ ದೋಣಿಯಿಂದ ಕೊಕ್ಕರೆಗೆ 300ಕ್ಕೂ ಮೇಲೆ. ಕಾಡಿನ ಸಣ್ಣ ಹಕ್ಕಿಗೆ 600 ಇದ್ದರೂ ಸಾಲದು.

ಮೂರನೆಯ ಸಂಖ್ಯೆಯನ್ನು ಯಾರೂ ಹೇಳುವುದಿಲ್ಲ, ಆದರೆ ಲೆನ್ಸಿನ ಸುತ್ತಲೇ ಬರೆದಿರುತ್ತದೆ: 1:1.8-2.8, 1:3.3-6.9 ಎಂಬ ರೀತಿಯಲ್ಲಿ. ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆಯುತ್ತದೆ ಎಂಬುದು ಇದು. ಎಫ್ ಸಂಖ್ಯೆ ಎನ್ನುವುದೂ ಇದನ್ನೇ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಮೊದಲನೆಯದು ಅಗಲ ನೋಟಕ್ಕೆ, ಎರಡನೆಯದು ಪೂರ್ತಿ ಝೂಮಿಗೆ. ಎಲ್ಲರೂ ಮೊದಲನೆಯದನ್ನು ನೋಡಿ ಮೋಸ ಹೋಗುತ್ತಾರೆ. ಸೋನಿಯವರ 2012ರ ಮೊದಲ ಆರ್‌ಎಕ್ಸ್100ರಲ್ಲಿ 1.8-4.9 ಎಂದಿತ್ತು. 28 ಮಿ.ಮೀ.ನಲ್ಲಿ ಒಳಗೆ ಬರುವ ಬೆಳಕಿಗೂ 100 ಮಿ.ಮೀ.ನಲ್ಲಿ ಬರುವುದಕ್ಕೂ ಏಳು ಪಟ್ಟಿಗೂ ಮೀರಿದ ವ್ಯತ್ಯಾಸ. ಸಂಜೆ ಜಾತ್ರೆಯಲ್ಲಿ ಝೂಮ್ ಮಾಡಿದ ಕೂಡಲೇ ಚಿತ್ರ ಅಲುಗಿದಂತೆ ಬರುವುದು ಇದರಿಂದಲೇ.

ಈಗ ಮಾಡೆಲುಗಳಿಗೆ ಬರೋಣ.

ದೂರದ್ದೇ ಮುಖ್ಯ ಎನ್ನುವವರಿಗೆ ಕ್ಯಾನನ್ ಎಸ್‌ಎಕ್ಸ್740 ಎಚ್‌ಎಸ್ (2018) ಮತ್ತು ಪ್ಯಾನಸಾನಿಕ್ ಟಿಜೆಡ್99 (2025). ಮೊದಲನೆಯದು 24ರಿಂದ 960 ಮಿ.ಮೀ., ತೂಕ ಸುಮಾರು 300 ಗ್ರಾಂ. ಎರಡನೆಯದು 24ರಿಂದ 720, ಯುಎಸ್‌ಬಿ-ಸಿ ಚಾರ್ಜಿಂಗ್. ಎರಡರಲ್ಲೂ ಅದೇ ಚಿಕ್ಕ ಸೆನ್ಸರ್, ಎರಡರಲ್ಲೂ ವ್ಯೂಫೈಂಡರ್ ಇಲ್ಲ. ಹಗಲಲ್ಲಿ ಕೆಲಸ ಮಾಡುತ್ತವೆ, ಆದರೆ ಪೂರ್ತಿ ಝೂಮಿಗೆ ಹೋದರೆ ಅದ್ಭುತ ನಿರೀಕ್ಷಿಸಬೇಡಿ. ಎಸ್‌ಎಕ್ಸ್740ರ ತುದಿಯಲ್ಲಿ ಕಿಂಡಿ ಎಫ್ 6.9. ಅಷ್ಟು ಕಿರಿದಾದ ಕಿಂಡಿಯಲ್ಲಿ ತೂರುವಾಗ ಬೆಳಕು ಹರಡಿಕೊಂಡು, ಒಂದು ಚುಕ್ಕೆ ಸೆನ್ಸರಿನ ಮೇಲೆ ಸುಮಾರು 9 ಮೈಕ್ರಾನ್ ಅಗಲವಾಗಿ ಬೀಳುತ್ತದೆ. ಆ ಸೆನ್ಸರಿನ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 1.2 ಮೈಕ್ರಾನ್. ಒಂದು ಚುಕ್ಕೆ ಏಳು ಪಿಕ್ಸೆಲ್ಲಿಗೆ ಚೆಲ್ಲಿಕೊಂಡ ಮೇಲೆ 20 ಮೆಗಾಪಿಕ್ಸೆಲ್ ಎಂಬುದು ಬರೀ ಫೈಲಿನ ಗಾತ್ರ. ಹಾಗಿದ್ದರೂ ಫೋನ್ ಹಿಗ್ಗಿಸುವುದಕ್ಕಿಂತ ಎಷ್ಟೋ ಮೇಲು. 400-500 ಮಿ.ಮೀ.ನಲ್ಲೇ ನಿಲ್ಲಿಸಿ, ಬಿಸಿಲಿರುವಾಗ ಬಳಸಿ. ಕಬಿನಿಯ ಬೆಳಗಿನ ಆರೂವರೆಯ ಸಫಾರಿಗೆ ಇದನ್ನು ನಂಬಿ ಹೋದರೆ ಹುಲಿ ಸಿಕ್ಕರೂ ಚಿತ್ರ ಸಿಗುವುದಿಲ್ಲ.

ಕತ್ತಲೆಯದ್ದು ಬೇಕೆನ್ನುವವರಿಗೆ ಕ್ಯಾನನ್ ಜಿ7ಎಕ್ಸ್ ಮಾರ್ಕ್ 3 (2019). ಒಂದಿಂಚಿನ ಸೆನ್ಸರ್, 24ರಿಂದ 100 ಮಿ.ಮೀ., ಎಫ್ 1.8ರಿಂದ 2.8, ತೂಕ 304 ಗ್ರಾಂ. ತುದಿಯಲ್ಲೂ 2.8 ಇರುವುದೇ ಇದರ ಬೆಲೆ. ಟಚ್ ಪರದೆ, ದೊಡ್ಡ ಅಕ್ಷರದ ಮೆನು, ಹೊಸಬರಿಗೆ ಗೊಂದಲವಿಲ್ಲ. ಕೊರತೆ ಏನೆಂದರೆ ಫೋಕಸ್ ಸ್ವಲ್ಪ ತಡಕಾಡುತ್ತದೆ. ನಿಮ್ಮತ್ತ ಓಡಿಬರುವ ಮಗುವಿನ ಐದು ಚಿತ್ರಗಳಲ್ಲಿ ಎರಡು ಮೂರು ಸರಿಯಾಗಿ ಬಂದರೆ ಹೆಚ್ಚು. ವ್ಯೂಫೈಂಡರ್ ಇಲ್ಲ. ಒಂದು ಚಾರ್ಜಿಗೆ ಕಂಪನಿಯೇ ಹೇಳುವುದು 235 ಚಿತ್ರ. ಸೋಶಿಯಲ್ ಮೀಡಿಯಾದಲ್ಲಿ ಹೆಸರು ಮಾಡಿದ ಮೇಲೆ ಸ್ಟಾಕ್ ಸಿಗದೆ ಹಳೆಯದಕ್ಕೇ ಹೊಸದರ ಬೆಲೆ ಕೇಳುವವರಿದ್ದಾರೆ. ಅಂಥವರಿಗೆ ದುಡ್ಡು ಕೊಡಬೇಡಿ.

ಎರಡರ ನಡುವೆ ನಿಲ್ಲುವುದು ಸೋನಿ ಆರ್‌ಎಕ್ಸ್100 ಮಾರ್ಕ್ 7 (2019). ಅದೇ ಒಂದಿಂಚು, 24ರಿಂದ 200 ಮಿ.ಮೀ., ಒಳಗಿಂದ ಚಿಮ್ಮಿ ಬರುವ ವ್ಯೂಫೈಂಡರ್, 302 ಗ್ರಾಂ. ಫೋಕಸ್ ಬಿಗಿಯಾಗಿ ಹಿಡಿಯುತ್ತದೆ. ಓಡುವ ಮಗುವನ್ನೂ ಬಿಡುವುದಿಲ್ಲ. ಝೂಮಿನ ತುದಿಯಲ್ಲಿ ಎಫ್ 4.5, ಅಂದರೆ ಜಿ7ಎಕ್ಸ್‌ನ ತುದಿಗಿಂತ ಎರಡೂವರೆ ಪಟ್ಟು ಕಡಿಮೆ ಬೆಳಕು. ಮದನಿಕೆಗೆ ಇದು, ನವರಂಗದ ಕಂಬಕ್ಕೆ ಅದು. ಸೋನಿಯ ಮೆನು ಮಾತ್ರ ಹೊಸಬರಿಗೆ ಕಾಡು. ಒಮ್ಮೆ ಹೊಂದಿಸಿಟ್ಟು ಮತ್ತೆ ಒಳಗೆ ಹೋಗದಿರುವುದೇ ಕ್ಷೇಮ. ಚಾರ್ಜ್ ಕಿಂಡಿ ಹಳೆಯ ಮೈಕ್ರೊ ಯುಎಸ್‌ಬಿ, ಪ್ರವಾಸಕ್ಕೆ ಇನ್ನೊಂದು ಕೇಬಲ್ ಮರೆಯದೆ ಒಯ್ಯಬೇಕು. 2024ರ ಡಿಸೆಂಬರಿನಿಂದ ಐರೋಪ್ಯ ಒಕ್ಕೂಟ ಯುಎಸ್‌ಬಿ-ಸಿ ಕಡ್ಡಾಯ ಮಾಡಿದ್ದರಿಂದ ಹೊಸದಾಗಿ ಬರುವ ಮಾಡೆಲುಗಳಲ್ಲಿ ಈ ಗೋಳಿಲ್ಲ. ಮೊದಲ ಕ್ಯಾಮೆರಾ, ಏನು ತೆಗೆಯುತ್ತೇವೆ ಎಂದು ಇನ್ನೂ ಗೊತ್ತಿಲ್ಲ, ದುಡ್ಡಿಗೆ ಅಷ್ಟು ತೊಂದರೆಯಿಲ್ಲ ಎಂದರೆ ಇದನ್ನೇ ತೆಗೆದುಕೊಳ್ಳಿ.

ಮಳೆಗಾಲದ ಆಗುಂಬೆ, ಕೊಡಗು, ನೇತ್ರಾಣಿಯ ಸಮುದ್ರ ಎನ್ನುವವರು ಓಎಂ ಸಿಸ್ಟಮ್‌ನ ಟಿಜಿ-7 ನೋಡಬೇಕು. ಒಲಿಂಪಸ್‌ನ ಕ್ಯಾಮೆರಾ ವ್ಯವಹಾರ ಈಗ ಓಎಂ ಸಿಸ್ಟಮ್ ಹೆಸರಿನಲ್ಲಿದೆ. 15 ಮೀಟರ್ ನೀರಿನೊಳಗೆ, ಎರಡು ಮೀಟರ್ ಎತ್ತರದಿಂದ ಬಿದ್ದರೂ ತಾಳುವಂತೆ ಮಾಡಿದ್ದು. ಝೂಮ್ ಮಾಡುವಾಗ ಲೆನ್ಸ್ ಹೊರಗೆ ಚಾಚುವುದಿಲ್ಲ. ಚಿಕ್ಕ ಸೆನ್ಸರ್, 12 ಮೆಗಾಪಿಕ್ಸೆಲ್, 25ರಿಂದ 100 ಮಿ.ಮೀ. ಅಷ್ಟೆ. ಆದರೆ ಕಪ್ಪೆ, ಅಣಬೆ, ಎಲೆಯ ಮೇಲಿನ ಹನಿ ಹತ್ತಿರದಿಂದ ತೆಗೆಯುವುದರಲ್ಲಿ ಮೇಲಿನ ನಾಲ್ಕನ್ನೂ ಹಿಂದೆ ಹಾಕುತ್ತದೆ. ಬ್ಯಾಟರಿ ಮುಚ್ಚಳದ ರಬ್ಬರಿನಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ನೀರಿಗಿಳಿಯುವ ಮುನ್ನ ಪ್ರತಿ ಸಲ ಒರೆಸಿ ನೋಡಬೇಕು. ಉಪ್ಪುನೀರಿನಿಂದ ಬಂದ ಮೇಲೆ ಮುಚ್ಚಳ ಹಾಕಿದ ಹಾಗೇ ಸಿಹಿನೀರಿನ ಬಕೆಟ್ಟಿನಲ್ಲಿ ನೆನೆಸಿಡಿ.

ರಿಕೋ ಜಿಆರ್ 3 (2019), ಫ್ಯೂಜಿಫಿಲ್ಮ್ ಎಕ್ಸ್100-6 (2024) ಬಗ್ಗೆ ಕೇಳುವವರು ಬಹಳ. ಎರಡರಲ್ಲೂ ಎಪಿಎಸ್-ಸಿ ಸೆನ್ಸರ್, ಚಿತ್ರ ಸೊಗಸು, ಆದರೆ ಝೂಮೇ ಇಲ್ಲ. ರಿಕೋ 28 ಮಿ.ಮೀ., ಫ್ಯೂಜಿ 35. ರಿಕೋ ಬರೀ 257 ಗ್ರಾಂ, ನಿಜವಾಗಿಯೂ ಪ್ಯಾಂಟ್ ಜೇಬಿನದು. ಆದರೆ ದೂಳಿಗೆ ತಡೆಯಿಲ್ಲ, ಫ್ಲ್ಯಾಶೂ ಇಲ್ಲ. ಫ್ಯೂಜಿ 521 ಗ್ರಾಂ, ಜೇಬಿನ ಮಾತೇ ಬೇಡ. ಬೇಲೂರಿನ ಸೂರಿನ ಕೆಳಗೆ ಇವೆರಡೂ ಫೋನಿನಷ್ಟೇ ಅಸಹಾಯಕ. ಮೊದಲ ಕ್ಯಾಮೆರಾ ಆಗಿ ಬೇಡ.

ಕೊಳ್ಳಲೇಬಾರದ್ದು ಆನ್‌ಲೈನಿನಲ್ಲಿ ನಾಲ್ಕೈದು ಸಾವಿರಕ್ಕೆ ಬರುವ, ಹೆಸರೇ ಕೇಳಿರದ ಕಂಪನಿಯ '48 ಮೆಗಾಪಿಕ್ಸೆಲ್, 4ಕೆ, 16 ಎಕ್ಸ್ ಡಿಜಿಟಲ್ ಝೂಮ್'. ಡಿಜಿಟಲ್ ಝೂಮ್ ಎಂದರೆ ಫೋನಿನಲ್ಲಿ ಬೆರಳಿಂದ ಹಿಗ್ಗಿಸುವುದೇ. ಆ 48 ಕೂಡ ಚಿಕ್ಕ ಸೆನ್ಸರಿನ ಚಿತ್ರವನ್ನು ಸಾಫ್ಟ್‌ವೇರಿನಲ್ಲಿ ಉಬ್ಬಿಸಿದ್ದು. ವಿವರದಲ್ಲಿ 'ಆಪ್ಟಿಕಲ್ ಝೂಮ್' ಎಂಬ ಪದವೂ ಮಿ.ಮೀ. ಲೆಕ್ಕವೂ ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಹಳೆಯ ಡಿಜಿಟಲ್ ಕ್ಯಾಮೆರಾಗಳ ಗೀಳು ಈಗ ಜೋರಾಗಿದೆ. ಮನೆಯ ಕಪಾಟಿನಲ್ಲಿ ಇದ್ದರೆ ಸಂತೋಷ, ತೆಗೆದು ಬಳಸಿ. ದುಡ್ಡು ಕೊಟ್ಟು ತರುವುದಾದರೆ ಮೊದಲು ಕಾರ್ಡ್ ಕಿಂಡಿ ನೋಡಿ. ಎಕ್ಸ್‌ಡಿ ಕಾರ್ಡ್ ಆದರೆ ಅದನ್ನೇ ಹುಡುಕಿಕೊಂಡು ಅಲೆಯಬೇಕು. ತೀರ ಹಳೆಯ ಎಸ್‌ಡಿ ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದಿಲ್ಲ, ಆಮೇಲಿನವು 32 ಜಿಬಿವರೆಗೆ. ಮೇಲೆ ಹೇಳಿದ ಮಾಡೆಲುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ (ಚಿಕ್ಕ ಸೆನ್ಸರಿನವಾದರೆ ಎಫ್ 8ಕ್ಕೆ) ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ. ಮಸುಕು ಕಪ್ಪು ಚುಕ್ಕೆ ಕಂಡರೆ ಸೆನ್ಸರಿಗೆ ದೂಳು ಹೋಗಿದೆ. ಇವುಗಳ ಲೆನ್ಸ್ ಬಿಚ್ಚಲು ಬಾರದು, ಸರ್ವೀಸ್ ಸೆಂಟರಿಗೇ ಕೊಡಬೇಕು. ಟಾರ್ಚ್ ಬೆಳಕನ್ನು ಲೆನ್ಸಿಗೆ ಓರೆಯಾಗಿ ಬಿಡಿ. ಜೇಡರಬಲೆಯಂಥ ಎಳೆ ಕಂಡರೆ ಫಂಗಸ್. ಹತ್ತು ಸಲ ಆನ್-ಆಫ್ ಮಾಡಿ ಲೆನ್ಸಿನ ಸದ್ದು ಕೇಳಿ. ಕರಕರ ಎಂದರೆ ಒಳಗೆ ಮರಳಿದೆ. ಬ್ಯಾಟರಿ ಉಬ್ಬಿದೆಯೇ, ಸಲೀಸಾಗಿ ಹೊರಬರುತ್ತದೆಯೇ ನೋಡಿ. ಸೋನಿಯದಾದರೆ ಮೆನುವಿನಲ್ಲಿ ಇಂಗ್ಲಿಷ್ ಇದೆಯೇ ಎಂದು ನೋಡದೆ ದುಡ್ಡು ಕೊಡಬೇಡಿ. ಜಪಾನಿನ ಮಾರುಕಟ್ಟೆಗೆ ಮಾಡಿದ್ದರಲ್ಲಿ ಜಪಾನಿ ಭಾಷೆ ಮಾತ್ರ ಇರುತ್ತದೆ.

ಹೊಸದೇ ಆದರೂ ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ ಪಡೆಯಿರಿ, ಮನೆಯಿಂದ ನಿಮ್ಮದೇ ಎಸ್‌ಡಿ ಕಾರ್ಡ್ ಒಯ್ಯಿರಿ. ಫ್ಲ್ಯಾಶ್ ಆಫ್ ಮಾಡಿಸಿ, ಅಂಗಡಿಯ ಕತ್ತಲ ಮೂಲೆಯನ್ನು ಅಗಲ ನೋಟದಲ್ಲಿ ಒಂದು, ಪೂರ್ತಿ ಝೂಮಿನಲ್ಲಿ ಒಂದು ತೆಗೆಯಿರಿ. ಓಡಾಡುವ ಹುಡುಗನೊಬ್ಬನನ್ನು ಮೂರು ಸಲ ತೆಗೆಯಿರಿ. ಬಾಗಿಲಿನಾಚೆ ಬಿಸಿಲಿಗೆ ಹೋಗಿ ಪರದೆ ಕಾಣುತ್ತದೆಯೇ ನೋಡಿ. ಒಂದೇ ಕೈಯಲ್ಲಿ ಜೇಬಿನಿಂದ ತೆಗೆದು, ಆನ್ ಮಾಡಿ, ಒತ್ತಿ ನೋಡಿ. ಈ ಕ್ಯಾಮೆರಾಗಳ ದಪ್ಪ ನಾಲ್ಕು ಸೆಂಟಿಮೀಟರಿನ ಮೇಲೆ ಕೆಳಗೆ, ಬಿಗಿ ಜೀನ್ಸಿಗೆ ಹಿಡಿಸುವುದಿಲ್ಲ. ಆ ಕಾರ್ಡನ್ನು ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿ, ಮಾರನೆಯ ದಿನ ತೀರ್ಮಾನಿಸಿ. ಬಿಲ್ಲಿನಲ್ಲಿ ಜಿಎಸ್‌ಟಿ ಜೊತೆಗೆ ಕ್ಯಾಮೆರಾದ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಅದು ಡಬ್ಬಿಯ ಮೇಲಿನದಕ್ಕೆ ಹೊಂದಬೇಕು. 'ಬಿಲ್ ಬೇಡ ಅಂದರೆ ಐದು ಸಾವಿರ ಕಡಿಮೆ' ಎಂದರೆ ವಾರಂಟಿ ಬೇಡ ಎಂದೇ ಅರ್ಥ. ಕಂಪನಿಯ ಸರ್ವೀಸ್ ಸೆಂಟರ್ ಅಂಥದ್ದನ್ನು ವಾರಂಟಿಯಲ್ಲಿ ಮುಟ್ಟುವುದಿಲ್ಲ.

ಜೊತೆಗೆ ಎರಡು ಸಾಮಾನು ಸಾಕು. ಒಂದು, ಹೆಚ್ಚಿನ ಬ್ಯಾಟರಿ, ಕಂಪನಿಯದೇ. ಅಗ್ಗದ್ದು ಬೇಸಿಗೆಯಲ್ಲಿ ಉಬ್ಬಿ ಕಿಂಡಿಯಲ್ಲೇ ಕಚ್ಚಿಕೊಳ್ಳುವುದುಂಟು. ಎರಡು, 64 ಜಿಬಿಯ ವಿ30 ಗುರುತಿನ ಎಸ್‌ಡಿ ಕಾರ್ಡ್. ಒಂದು ಜೆಪೆಗ್ ಚಿತ್ರ ಸುಮಾರು 8 ಎಂಬಿ ಎಂದರೂ ಏಳೆಂಟು ಸಾವಿರ ಚಿತ್ರ. ಸೆಕೆಂಡಿಗೆ 100 ಮೆಗಾಬಿಟ್ಟಿನ 4ಕೆ ವಿಡಿಯೊ ಆದರೆ ಒಂದೂಕಾಲು ಗಂಟೆಗೂ ಹೆಚ್ಚು. ನಕಲಿ ಕಾರ್ಡುಗಳಿಗೆ ಲೆಕ್ಕವಿಲ್ಲ. ಮೇಲೆ 64 ಎಂದಿರುತ್ತದೆ, ಒಳಗೆ 8 ಇರುತ್ತದೆ, ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿದರೆ ಬಣ್ಣ ಬಯಲು. ಪ್ರವಾಸಕ್ಕೆ ಹೊರಡುವ ವಾರ ಮೊದಲೇ ಮಾಡಿ. ಆಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಮೊದಲ ದಿನ ಹೊಂದಿಸಬೇಕಾದ್ದು: ದಿನಾಂಕ ಮತ್ತು ಸಮಯ ಸರಿಪಡಿಸಿ, ಚಿತ್ರದ ಮೇಲೆ ದಿನಾಂಕ ಅಚ್ಚಾಗುವುದನ್ನು ಆಫ್ ಮಾಡಿ. ಡಿಜಿಟಲ್ ಝೂಮ್ ಆಫ್. ಪರದೆ ಮುಟ್ಟಿದರೆ ಫೋಟೊ ಬೀಳುವ ಟಚ್ ಶಟರ್ ಆಫ್, ಇಲ್ಲದಿದ್ದರೆ ಪ್ಯಾಂಟಿನ ಬಟ್ಟೆಯ ಚಿತ್ರಗಳೇ ಮನೆಗೆ ಬರುತ್ತವೆ. ಆಟೊ ಐಎಸ್‌ಒ (ಕಡಿಮೆ ಬೆಳಕಿನ ಚಿತ್ರವನ್ನು ಕ್ಯಾಮೆರಾ ಎಷ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕ) ಮಿತಿ ಒಂದಿಂಚಿನದ್ದಕ್ಕೆ 3200, ಚಿಕ್ಕ ಸೆನ್ಸರಿಗೆ 800. ಹೆಚ್ಚಾದರೆ ಚಿತ್ರದಲ್ಲಿ ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಕನಿಷ್ಠ ಶಟರ್ ವೇಗ (ಸೆನ್ಸರಿಗೆ ಬೆಳಕು ಬೀಳುವ ಹೊತ್ತು) ಹೊಂದಿಸಲು ಅವಕಾಶವಿದ್ದರೆ ಜನರಿಗೆ 1/125 ಸೆಕೆಂಡ್. ಡಯಲ್ಲನ್ನು ಪೂರ್ತಿ ಆಟೊದಲ್ಲಿ ಬಿಡದೆ ಕಿಂಡಿಯನ್ನು ನಾವೇ ಆರಿಸುವ 'ಎ' ಅಥವಾ 'ಎವಿ'ಯಲ್ಲಿಡಿ. ಒಂದಿಂಚಿನದ್ದರಲ್ಲಿ ಹಗಲಿಗೆ ಎಫ್ 4, ಗುಡಿಯೊಳಗೆ ಅತಿ ಚಿಕ್ಕ ಸಂಖ್ಯೆ. ಹಿನ್ನೆಲೆಯೂ ಚೊಕ್ಕ ಬರಲಿ ಎಂದು ಎಫ್ 11ಕ್ಕೆ ಹೋದರೆ ಆಗಲೇ ಹೇಳಿದ ಬೆಳಕು ಚೆಲ್ಲುವ ತೊಂದರೆಯಿಂದ ಇಡೀ ಚಿತ್ರವೇ ಮಂದವಾಗುತ್ತದೆ.

ಇನ್ನು ಕಲಿಯಬೇಕಾದ ಒಂದೇ ಗುಂಡಿ, ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಪ್ಲಸ್-ಮೈನಸ್. ಕ್ಯಾಮೆರಾ ಎದುರಿಗಿರುವ ಎಲ್ಲವನ್ನೂ ಮಧ್ಯಮ ಬೂದು ಎಂದೇ ತಿಳಿಯುತ್ತದೆ. ಹೊಯ್ಸಳರ ಕಪ್ಪು ಬಳಪದ ಕಲ್ಲು ತುಂಬಿದ ಚೌಕಟ್ಟನ್ನು ಬೂದು ಮಾಡಲು ಹೋಗಿ ಬೆಳ್ಳಗೆ ಮಾಡುತ್ತದೆ. ಅಲ್ಲಿ ಮೈನಸ್ 0.7. ಜೋಗದ ಮಂಜು, ಬಿಳಿ ಮರಳು ಬಂದರೆ ಕೊಳಕು ಬೂದಾಗಿಸುತ್ತದೆ. ಅಲ್ಲಿ ಪ್ಲಸ್ 0.7ರಿಂದ 1.

ಗುಡಿಯೊಳಗೆ ಟ್ರೈಪಾಡ್ ಆಸೆ ಬೇಡ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು. ಮೊಣಕೈ ಪಕ್ಕೆಲುಬಿಗೆ ಒತ್ತಿ, ಉಸಿರು ಬಿಟ್ಟು, ಒಂದೇ ಸಲ ನಾಲ್ಕೈದು ಚಿತ್ರ ತೆಗೆದರೆ ಒಂದಾದರೂ ಅಲುಗದೆ ಬರುತ್ತದೆ. ಅಗಲ ನೋಟದಲ್ಲಿ 1/15 ಸೆಕೆಂಡೂ ಸಾಧ್ಯ, ಏಕೆಂದರೆ ಅಲುಗಾಟ ತಡೆಯುವ ವ್ಯವಸ್ಥೆ ನಿಮ್ಮ ಕೈನಡುಕ ತೆಗೆಯುತ್ತದೆ. ಎದುರಿನವರ ಚಲನೆಯನ್ನು ಮಾತ್ರ ಅದು ತಡೆಯಲಾರದು. ರಾತ್ರಿಯ ಯಕ್ಷಗಾನದಲ್ಲಿ ವೇಷಧಾರಿ ಗಿರಕಿ ಹೊಡೆಯುವಾಗ 1/250 ಬೇಕೇಬೇಕು. ಅಲ್ಲಿ ಎಫ್ 2.8, ಐಎಸ್‌ಒ 3200. ಫ್ಲ್ಯಾಶ್ ಹೊಡೆದರೆ ಭಾಗವತರಿಗೂ ವೇಷದವರಿಗೂ ಕಿರಿಕಿರಿ, ಹಿಂದಿನ ಪರದೆಯೂ ಕಪ್ಪಾಗುತ್ತದೆ.

ಕ್ಯಾಮೆರಾ ಕೆಡುವುದು ಹೆಚ್ಚಾಗಿ ಎರಡೇ ಕಡೆ. ಗೋಕರ್ಣ, ಕಾರವಾರದ ಕಡಲತೀರದಲ್ಲಿ ಒಂದು ಹರಳು ಮರಳು ಚಾಚುವ ಲೆನ್ಸಿನ ಸಂದಿಗೆ ಹೋದರೆ 'ಲೆನ್ಸ್ ಎರರ್' ಬಂದು ನಿಲ್ಲುತ್ತದೆ. ಬಲ ಹಾಕಿ ತಳ್ಳಿದರೆ ಒಳಗಿನ ಹಲ್ಲು ಮುರಿಯುತ್ತದೆ. ಮರಳಿನಲ್ಲಿ ಜಿಪ್ ಚೀಲದಲ್ಲಿಡಿ, ಬ್ಯಾಗಿನಲ್ಲಿ ತಾನಾಗಿ ಆನ್ ಆಗದ ಹಾಗೆ ಬಿಗಿಯಾದ ಪೌಚ್ ಇರಲಿ. ಎರಡನೆಯದು ಮಲೆನಾಡು, ಕರಾವಳಿಯ ತೇವ. ಎಸಿ ಕಾರಿನಿಂದ ನೇರ ಹೊರಗೆ ತೆಗೆದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಮುಚ್ಚಿದ ಚೀಲದಲ್ಲೇ ಇಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ. ಮನೆಯಲ್ಲಿ ಚರ್ಮದ ಕೇಸಿನಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಟ್ಟು ಫಂಗಸ್ಸಿಗೆ ಮನೆ ಕಟ್ಟಿಕೊಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ 100 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಅಗ್ಗದ ತೇವಮಾಪಕ ಒಂದು. ಮುಳ್ಳು 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗೆ ಇಳಿದರೆ ರಬ್ಬರ್ ಒಣಗುತ್ತದೆ, ಆಗ ಜೆಲ್ ಸ್ವಲ್ಪ ತೆಗೆದುಬಿಡಿ. ಹರಳಿನ ಬಣ್ಣ ಬದಲಾದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಮೊದಲಿನಂತಾಗುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.

ವಿಮಾನದಲ್ಲಿ ಹೋಗುವವರು ಹೆಚ್ಚಿನ ಬ್ಯಾಟರಿಯನ್ನು ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. ಅದರ ಲೋಹದ ತುದಿಗಳಿಗೆ ನಾಣ್ಯ, ಬೀಗದ ಕೈ ತಾಗದಂತೆ ಒಂದು ತುಂಡು ಟೇಪ್ ಅಂಟಿಸಿ.